ನಾ ಇಡದ ಚುಕ್ಕಿ

ಕಾಗಿಣಾ ದಂಡೆಯ ಆ ಊರಿನಲ್ಲಿ ಚಂದಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಅಂಥ ಮುದುಕಿ ಸೇಡಂನ ದವಾಖಾನೆಯಲ್ಲಿ ಎರಡು ದಿನದಿಂದ ತುಟಿ ಹೊಲಿದುಕೊಂಡು ಕೂತಿದ್ದಾಳೆ ಅಂದರೆ, ಕಾರಣ ಸಣ್ಣದಿದ್ದೀತೇ?

ಕಾರಣ ಗೋರಂಟಿ. ಪಂಚಮಿ ಹಬ್ಬಕ್ಕೆಂದು ಸೊಪ್ಪು ಅರೆದು, ಏಳು ವರ್ಷದ ಮೊಮ್ಮಗಳು ಪ್ರೀತಿಯ ಎರಡೂ ಅಂಗೈ ನಡುವೆ ಒಂದೊಂದು ಚಂದ್ರ, ಬೆರಳ ತುದಿಗೆಲ್ಲ ಒಂದೊಂದು ಟೋಪಿ ಹಚ್ಚಿದ್ದಳು. ಮರುದಿನವೇ ಕೂಸಿನ ಮೈ ಕಾದ ಹಂಚಾಯಿತು. ಸೊಸೆ ಸುನಿತಾ ಅಂದದ್ದು ಒಂದೇ ಮಾತು: "ಗೋರಂಟಿ ತಂಪು, ಬ್ಯಾಡ ಅಂತ ಹೇಳಿದ್ದೆ ಅತ್ತಿ. ನೀವು ಕೇಳಲಿಲ್ಲ." ಜಗಳಕ್ಕೆ ಬಂದಿದ್ದರೆ ಚಂದಮ್ಮ ನಾಲ್ಕು ಕೂಡಿಸಿ ತಿರುಗಿ ಕೊಡುತ್ತಿದ್ದಳು. ಸುನಿತಾ ಮೆತ್ತಗೆ ಅಂದುಬಿಟ್ಟಳು. ಅದೇ ಎದೆಗೆ ನಾಟಿತು.

ಊರ ಗುಳಿಗೆಗಳಿಗೆ ಜ್ವರ ಜಗ್ಗಲಿಲ್ಲ. ಐದನೆಯ ದಿನ ಸೇಡಂಗೆ ತಂದು ಸೇರಿಸಿದರು. ಡೆಂಗಿ ಅಲ್ಲ, ಮಲೇರಿಯಾ ಅಲ್ಲ ಎಂದು ರಕ್ತದ ರಿಪೋರ್ಟ್ ಬಂತು. ಹಾಗಾದರೆ ಏನು ಎಂಬುದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ. ಏಳನೆಯ ದಿನ ಬೆಳಿಗ್ಗೆ ಹಾಲು ಕುಡಿಸಲು ಹೋದ ಚಂದಮ್ಮ ಮೊಮ್ಮಗಳ ಅಂಗೈ ಬಿಡಿಸಿ ನೋಡಿದಳು. ಚಂದ್ರನ ಸುತ್ತ ಕೆಂಪು ಚುಕ್ಕಿಗಳು ಎದ್ದಿದ್ದವು. ತಾನು ಹಚ್ಚಿದ ಗೋರಂಟಿಯೇ ನಂಜಾಗಿ ಒಡೆದಿದೆ ಎಂದುಕೊಂಡಳು. ಆ ಪುಟ್ಟ ಕೈ ಮಡಚಿ, ಚಾದರದೊಳಗೆ ತೂರಿಸಿ, ಮೇಲೆ ತನ್ನ ಕೈ ಇಟ್ಟುಕೊಂಡು ಕೂತಳು.

ಹತ್ತು ಗಂಟೆಗೆ ಮಕ್ಕಳ ಡಾಕ್ಟರ್ ಪ್ರಮಿತಾ ಬಂದರು. ಪ್ರೀತಿಯ ಕಣ್ಣು ಬಿಡಿಸಿ ನೋಡಿದವರ ಮುಖ ಇಳಿಯಿತು.

"ಕೂಸು ಭಾಳ ಮಂಕಾಗ್ಯಾದ. ಸಂಜಿತನ ನೋಡಿ ಕಲಬುರಗಿಗೆ ಕಳಿಸಬೇಕಾಗ್ತದ. ಮೈಮ್ಯಾಲ ಏನರ ಹೊಸಾದು ಕಂಡದೇನ್ರಿ?"

"ಇಲ್ರಿ ಮೇಡಂ," ಅಂದಳು ಸುನಿತಾ. ಪಾಪ, ಅವಳಿಗೇನು ಗೊತ್ತು?

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಚಂದಮ್ಮನ ಸ್ಥಿತಿ ಅದೇ ಆಗಿತ್ತು. ಬಿಟ್ಟರೆ ಸೊಸೆಯ ಕಣ್ಣಲ್ಲಿ ಜನ್ಮವಿಡೀ ಪಾಪಿ. ಅಷ್ಟರಲ್ಲಿ ಪ್ರೀತಿ ಅರೆಗಣ್ಣು ತೆರೆದು ಅವಳನ್ನೇ ದಿಟ್ಟಿಸಿ, "ನೀ ಯಾರು?" ಅಂದಳು. ಹುಟ್ಟಿದ ದಿನದಿಂದ ತನ್ನ ಮಗ್ಗುಲಲ್ಲೇ ಮಲಗಿದ ಕೂಸು ಹೀಗೆ ಕೇಳಿದ ಮೇಲೆ ಮರ್ಯಾದೆ ಕಟ್ಟಿಕೊಂಡು ಏನು ಮಾಡುವುದು? ಚಂದಮ್ಮ ಚಾದರ ಸರಿಸಿ ಆ ಕೈಯನ್ನು ಡಾಕ್ಟರ್ ಮುಂದೆ ಹಿಡಿದಳು.

ಪ್ರಮಿತಾ ಒಮ್ಮೆ ಕಣ್ಣು ಹಾಯಿಸಿದರು. "ಗೋರಂಟಿ ಅಲ್ಲೇನ್ರಿ ಆಯಿ?"

"ಚಂದ್ರ ನಂದ್ರಿ. ಬೆರಳಿಂದೂ ನಂದೇ. ಈ ಚುಕ್ಕಿ ನಾ ಇಟ್ಟಿಲ್ರಿ."

ಡಾಕ್ಟರ್ ಬಗ್ಗಿದರು. ಒಂದೊಂದೇ ಚುಕ್ಕಿಯನ್ನು ಬೆರಳಿಂದ ಒತ್ತಿ ನೋಡಿದರು. ಪಾದ ತಿರುಗಿಸಿದರು, ಗೋರಂಟಿ ಸೋಕದ ಅಂಗಾಲಲ್ಲೂ ಅವೇ ಚುಕ್ಕಿ. "ಮನ್ಯಾಗ ಆಡು, ನಾಯಿ ಅವಾ ಏನ್ರಿ? ಕೂಸಿಗಿ ಉಣ್ಣಿ ಕಡಿದಿತ್ತಾ?"

"ಆಡು ಅವರಿ. ಪಂಚಮಿಕಿಂತ ವಾರ ಮೊದಲ ತಲಿ ಬಾಚುವಾಗ ಕಿವಿ ಹಿಂದ ಒಂದು ಉಣ್ಣಿ ಹತ್ತಿತ್ತು. ಕಿತ್ತಿ ಒಲ್ಯಾಗ ಒಗದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಕಿವಿಯ ಹಿಂದೆ ಕೂದಲು ಸರಿಸಿದಾಗ ಕಾಳಿನಷ್ಟು ಕರಿ ಹಕ್ಕಳೆ ಸಿಕ್ಕಿತು.

"ಇದು ಉಣ್ಣಿ ಜ್ವರ ಇದ್ದಂಗ ಅದ," ಅಂದರು ಪ್ರಮಿತಾ. "ರಕ್ತ ಕಲಬುರಗಿಗೆ ಕಳಿಸ್ತೀನಿ, ಆದ್ರ ರಿಪೋರ್ಟಿನ ದಾರಿ ಕಾಯಂಗಿಲ್ಲ. ಔಷಧ ಈಗೇ ಶುರು ಮಾಡ್ತೀನಿ. ಗೋರಂಟಿಗೂ ಈ ಜ್ವರಕ್ಕೂ ಏನೂ ಸಂಬಂಧ ಇಲ್ರಿ ಆಯಿ. ನೀವು ಹೇಳದೇ ಇದ್ರ ನಾನೂ ಇದನ್ನ ಗೋರಂಟಿ ಅಂತ ಬಿಟ್ಟುಬಿಡ್ತಿದ್ದೆ."

ಚಂದಮ್ಮ ಸೊಸೆಯ ಕಡೆ ನೋಡಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಸಂಜೆಗೆ ಕೂಸು ಮತ್ತಷ್ಟು ಮಂಕಾಗದೆ ಇದ್ದದ್ದರಿಂದ ಕಲಬುರಗಿ ಪ್ರಯಾಣ ತಪ್ಪಿತು. ಮರುದಿನ ಜ್ವರ ಸ್ವಲ್ಪ ಜಗ್ಗಿತು. ಮೂರನೆಯ ಬೆಳಿಗ್ಗೆ ಮೈ ತಣ್ಣಗಿತ್ತು. ಪ್ರೀತಿ ಎದ್ದು ಕೂತು, "ಆಯಿ, ಹಸಿವಾಗ್ಯಾದ. ಪಂಚಮಿ ಉಂಡಿ ಉಳಿದಾವೇನು?" ಅಂದಳು. ನಾಲ್ಕು ದಿನದಲ್ಲಿ ಚುಕ್ಕಿಗಳು ಮಾಸಿದವು. ಚಂದ್ರ ಮಾತ್ರ ಹಾಗೇ ಇದ್ದ.

ಮನೆಗೆ ಹೊರಡುವ ದಿನ ಗಂಟು ಕಟ್ಟುತ್ತಿದ್ದ ಸುನಿತಾ ಕೈ ನಿಲ್ಲಿಸಿದಳು. ಅತ್ತೆಯ ಎದುರು ಕೂತು ತನ್ನ ಅಂಗೈ ಚಾಚಿದಳು.

"ಅತ್ತಿ, ಮನಿಗಿ ಹೋದ ಮ್ಯಾಲ ನನಗೂ ಒಂದು ಚಂದ್ರ ಇಡ್ರಿ."

"ಗೋರಂಟಿ ತಂಪವ್ವಾ," ಅಂದಳು ಚಂದಮ್ಮ. "ಯಾರೋ ಶಾಣ್ಯಾರು ಹೇಳಿದ್ರು."

ಸುನಿತಾ ನಗುತ್ತಲೇ ಕಣ್ಣೊರೆಸಿಕೊಂಡಳು. ಚಾಚಿದ ಕೈ ಮಾತ್ರ ಹಿಂದೆ ತೆಗೆಯಲಿಲ್ಲ. ಚಂದಮ್ಮ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.