ಹೆಬ್ಬೆರಳಿನ ಮಸಿ

ಆ ವರ್ಷ ಖಜ್ವೀನ್ ಪಟ್ಟಣಕ್ಕೆ ಒದಗಿದ ಮಹಾ ವಿಪತ್ತೆಂದರೆ, ಎಂಟು ವರ್ಷದ ಮರ್ಜಾನಳ ಹೆಬ್ಬೆರಳಿಗೆ ಕಡಲೆಕಾಳಿನಷ್ಟು ಮಸಿ ಅಂಟಿದ್ದು. ಹೆಣ್ಣುಮಕ್ಕಳು ಓದಬಹುದು, ಬರೆಯಕೂಡದು. ಇದು ಊರಿನ ಕಟ್ಟಳೆ. ಬರೆಯಲು ಬಂದರೆ ಪ್ರೇಮಪತ್ರ ಬರೆದಾರೆಂಬ ಭಯ, ಅಂಥ ಪತ್ರ ಬರೆದು ಅನುಭವವಿದ್ದ ಗಂಡಸರಿಗೆ.

"ನೋಡಣ್ಣ ಈ ಕೈನ!" ಖಾವರ್ ಮಗುವನ್ನು ಅದರ ಅಜ್ಜ, ತನ್ನ ಅಣ್ಣ ಮುಲ್ಲಾ ಸಫೀಉದ್ದೀನರ ಮುಂದೆ ಎಳೆತಂದಳು.

"ಕಣ್ಣಿದ್ದಿದ್ರೆ ನೋಡ್ತಿದ್ದೆ ಕಣೆ," ಎಂದರು ಮುಲ್ಲಾ.

"ನಿನ್ನ ಮಗಳದೇ ಕೆಲಸ. ಕವಿತೆ ಕಟ್ಲಿ, ನಾನು ಬೇಡ ಅಂದ್ನಾ? ಬಾಯಲ್ಲಿ ಹೇಳಿದ್ರೆ ಮಸಿ ಹತ್ತಲ್ಲ. ಇನ್ನೆರಡು ವರ್ಷಕ್ಕೆ ಗಂಡನ ಮನೆಗೆ ಹೋಗೋ ಕೂಸಿಗೆ ಲೇಖನಿ ಯಾಕೆ?"

ಮಗಳು ಗುಲಂದಾಮ್ ಪರದೆಯ ಹಿಂದೆ ಕೂತು ಕೇಳುತ್ತಿದ್ದಳು. ತಂದೆಯ ಕಣ್ಣು ಹೋಗಿ ಆರು ವರ್ಷ. ಆಮೇಲೆ ಗುಟ್ಟಾಗಿ ಬರೆಯಲು ಕಲಿತು, ಊರಿನವರ ಧರ್ಮಸಂದೇಹಗಳಿಗೆ ಗ್ರಂಥ ಶೋಧಿಸಿ ಉತ್ತರ ಬರೆಯುವವಳು ಅವಳೇ. ಮುಲ್ಲಾ ಮೊಹರು ಒತ್ತುತ್ತಿದ್ದರು, ಅಷ್ಟೆ. ಯಾರೋ ಶಿಷ್ಯನಿಂದ ಬರೆಸುತ್ತಾರೆಂದುಕೊಂಡು, ಆ ಶಿಷ್ಯನ ಅಕ್ಷರ ದುಂಡಗಿದೆಯೆಂದು ಊರು ಮೆಚ್ಚಿತ್ತು.

ಖಾವರ್ ಸುಮ್ಮನಿರದೆ ಬೀದಿಯಲ್ಲೆಲ್ಲ ದೂರು ಹೇಳಿ ಬಂದಳು. ಮಧ್ಯಾಹ್ನವೇ ರತ್ನಗಂಬಳಿ ವ್ಯಾಪಾರಿ ಹಾಜಿ ಯಾದ್ಗಾರ್ ಪ್ರಶ್ನೆ ಹಿಡಿದು ಬಂದ: ಹುಡುಗಿಯರಿಗೆ ಬರೆಯಲು ಕಲಿಸಬಹುದೇ?

"ಕೂಡದು ಅಂತ ಬರೆಸಿ ಮೊಹರು ಒತ್ತಿಬಿಡಿ ಗುರುಗಳೇ. ಚಹಾ ಆರೋದ್ರೊಳಗೆ ಮುಗೀತು."

ಗುಲಂದಾಮ್ ಪೆಟ್ಟಿಗೆಯಿಂದ ಹಳೆಯ ಪ್ರಾರ್ಥನಾಪುಸ್ತಕವೊಂದನ್ನು ತೆಗೆದಳು. ಅದು ಮರ್ಜಾನಳ ತಾಯಿ, ಅಂದರೆ ತನ್ನ ತಂಗಿ ನಿಗಾರ್‌ಳದು. ಹಮದಾನಿನಿಂದ ನಿಗಾರ್‌ಳ ಗಂಡ ತಿಂಗಳಿಗೊಮ್ಮೆ 'ಎಲ್ಲರೂ ಕ್ಷೇಮ' ಎಂದು ಬರೆಯುತ್ತಿದ್ದ. ಮೂರು ವರ್ಷದ ಕೆಳಗೆ, ಕ್ಷೇಮವಾಗಿದ್ದವಳು ಸತ್ತಳೆಂದೂ ಅವನೇ ಬರೆದ. ಆಮೇಲೆ ಮಗುವಿನೊಡನೆ ಪುಸ್ತಕ ಬಂತು.

ಗುಲಂದಾಮ್ ಪರದೆ ಸರಿಸಿ ಬಂದು ತಂದೆಯ ಬೆರಳನ್ನು ಪುಟದ ಮೇಲಿಟ್ಟಳು. "ಇಷ್ಟು ದಿನ ನಿಮಗೆ ಹೇಳೋ ಧೈರ್ಯ ಬರ್ಲಿಲ್ಲ, ಅಪ್ಪಾ. ಮುಟ್ಟಿ ನೋಡಿ. ಬರೆಯೋಕೆ ಬಾರದ ನಿಗಾರ್ ಬೇಕಾದ ಅಕ್ಷರದ ಕೆಳಗೆ ಮಾತ್ರ ಸೂಜಿ ಚುಚ್ಚಿದಾಳೆ."

"ಕೂಡಿಸಿ ಓದು."

"'ಹೊಡೀತಾರೆ ಅಪ್ಪಾ. ಬಂದು ಕರ್ಕೊಂಡ್ಹೋಗು.'"

ಮುಲ್ಲಾರ ಬೆರಳು ಆ ತೂತುಗಳ ಮೇಲೆ ಬಹಳ ಹೊತ್ತು ಆಡಿತು. ಬಾಗಿಲಲ್ಲಿ ನಿಂತಿದ್ದ ಖಾವರ್ ಮುಸುಕಿನ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ ಮುದುಕರು ಮೊಹರನ್ನು ಮಗಳ ಕಡೆ ತಳ್ಳಿದರು.

ಅವಳು ಮೊಹರು ಮುಟ್ಟಲಿಲ್ಲ. 'ಕಲಿಸಬಹುದು, ಕಲಿಸಲೇಬೇಕು' ಎಂದು ಬರೆದು, ಕೆಳಗೆ ತನ್ನದೇ ಹೆಸರು ಹಾಕಿದಳು.

"ಹೆಂಗಸಿನ ಕೈಬರಹ ನಡೆಯಲ್ಲಮ್ಮ," ಎಂದ ಹಾಜಿ.

"ಅಕ್ಷರ ಗುರುತು ಸಿಕ್ಲಿಲ್ವಾ ಹಾಜಿಯವರೇ? ನಿಮ್ಮ ತಂದೆಯ ತೋಟ ನಿಮಗೇ ಸೇರಬೇಕು ಅಂತ ಬರೆದಿದ್ದೂ ಇದೇ ಕೈ. ಆ ಕಾಗದ ತನ್ನಿ, ಎರಡನ್ನೂ ಒಟ್ಟಿಗೇ ಹರಿಯೋಣ."

ಹಾಜಿ ಆರಿದ ಚಹಾ ಕುಡಿದು ಎದ್ದುಹೋದ. ಆ ಕಾಗದ ತರಲಿಲ್ಲ. ಶನಿವಾರದಿಂದ ಆ ಮನೆಯಲ್ಲಿ ಐದು ಹುಡುಗಿಯರು ಬರೆಯಲು ಕಲಿಯತೊಡಗಿದರು.