ಎರಡು ಸಲ ‘ಟಕ್’ ಅನ್ನಬೇಕು

ಒಂದೂರಿನಲ್ಲಿ ಒಬ್ಬ ರಾಜನಿದ್ದನಂತೆ. ಕೋಟೆ ಕಟ್ಟಿಸಿದ, ಆನೆ ಸಾಕಿದ, ತೋಪು ತರಿಸಿದ. ಹಿಂಬಾಗಿಲ ಚಿಲಕಕ್ಕೆ ತುಕ್ಕು ಹಿಡಿದದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ದಿನ ಗಾಳಿ ಬಂದು ಬಾಗಿಲು ನೂಕಿತು. ಗಾಳಿಯ ಹಿಂದೆಯೇ ವೈರಿ ಬಂದ.

ವನದುರ್ಗದ ಅಯ್ಯಮ್ಮ ಈ ಕಥೆಯನ್ನು ಮೊಮ್ಮಗಳು ದೇವಿಕಾಗೆ ಹೇಳುತ್ತಿದ್ದಳು. ಇಬ್ಬರೂ ಶಹಾಪುರದ ಸಂತೆ ಮುಗಿಸಿ, ಜಮಾಲಸಾಬನ ಹಳೆಯ ಬಾಡಿಗೆ ಕಾರಿನಲ್ಲಿ ಊರಿಗೆ ಬರುತ್ತಿದ್ದರು. ತಿರುವಿನಲ್ಲಿ ದೇವಿಕಾಳ ಪಕ್ಕದ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅಯ್ಯಮ್ಮ ಅವಳ ಲಂಗ ಹಿಡಿದು ಒಳಗೆ ಜಗ್ಗಿದಳು. ಹುಡುಗಿ ಉಳಿದಳು. ಬದನೆಕಾಯಿ ಚೀಲ ರಸ್ತೆಯ ಪಾಲಾಯಿತು.

ಜಮಾಲಸಾಬ ಕಾರು ನಿಲ್ಲಿಸಿ ಬಾಗಿಲಿಗೆ ಹಗ್ಗ ಬಿಗಿದ.

"ಹೆದರಬ್ಯಾಡ ಯವ್ವಾ. ಈಗ ಆನಿ ಜಗ್ಗಿದ್ರೂ ಬಿಚ್ಚಂಗಿಲ್ಲ."

"ಆನಿ ಯಾಕ ಜಗ್ತದೋ? ಗಾಡಿಗೆ ಬೆಂಕಿ ಹತ್ತಿದ್ರ ನಾವು ಹೆಂಗ ಇಳೀಬೇಕು, ಅದನ್ನ ಹೇಳು."

ಅವನು ನಕ್ಕ. ಅಯ್ಯಮ್ಮ ನಗಲಿಲ್ಲ.

"ಅಮಾಸಿಗೆ ಅಬ್ಬೆತುಮಕೂರ ಮಠಕ್ಕ ಕರ್ಕೊಂಡು ಹೋಗ್ತೀನಿ ಅಂದಿದ್ದೆಲ್ಲ? ಆ ಮಾತು ವಾಪಸ್ ತಗೋ. ಹಗ್ಗ ಕಟ್ಟಿದ ಗಾಡ್ಯಾಗ ನಾ ಕೂಡಂಗಿಲ್ಲ. ಈ ಕೂಸನ್ನೂ ಕೂಡಿಸಂಗಿಲ್ಲ."

ಜಮಾಲಸಾಬನ ಮುಖ ಸಪ್ಪಗಾಯಿತು. ಅವನ ಹೆಂಡತಿಯ ಬಾಣಂತನ ಮಾಡಿದವಳು ಅಯ್ಯಮ್ಮ. ಮಠಕ್ಕೆ ಕರೆದೊಯ್ಯುತ್ತೇನೆಂದು ಅವಳಿಗೆ ಮಾತು ಕೊಟ್ಟು ಆಗಲೇ ವರ್ಷವಾಗಿತ್ತು. ಅಮಾವಾಸ್ಯೆಗೆ ಇನ್ನು ಮೂರೇ ದಿನ.

ಮರುದಿನ ಬೆಳಿಗ್ಗೆ ಅವನು ಬಟ್ಟಲಲ್ಲಿ ಕುಸುಬಿ ಎಣ್ಣೆ ತಂದು ಬಾಗಿಲ ಲಾಕಿಗೆ ಸುರಿಯುತ್ತಿದ್ದ. ಎದುರುಮನೆಯ ಮಜೀದಾ ಹೊಲಿಗೆ ಮಷೀನು ಬಿಟ್ಟು ಎದ್ದು ಬಂದಳು.

"ಚಾಚಾ, ಗಾಡಿಗೆ ಒಗ್ಗರಣಿ ಹಾಕಾಕತ್ತೀರೇನ್ರಿ?"

"ಪ್ರತಿ ಶುಕ್ರವಾರ ಹಾಕ್ತೀನವಾ. ಆದ್ರೂ ಲಾಕು ಬೀಳವಲ್ದು."

"ಹಾಕಿದ್ದಕ್ಕೇ ಬೀಳವಲ್ದು. ಹತ್ತಿ ಬಿಡಿಸೋ ಹೆಣ್ಮಕ್ಕಳು ಇದೇ ಗಾಡ್ಯಾಗ ಬರ್ತಾರ ಹೌದಿಲ್ರಿ? ಅವರ ಸೀರಿಗೆ ಹತ್ತಿದ ಎಳಿ ಲಾಕಿನಾಗ ಕೂಡ್ತದ. ಮ್ಯಾಲ ಎರಿ ಮಣ್ಣಿನ ಧೂಳು. ಅದರ ಮ್ಯಾಲ ನಿಮ್ಮ ಎಣ್ಣಿ. ಮೂರೂ ಕೂಡಿ ಹೋಳಿಗಿ ಕಣಕ ಆಗ್ಯಾದ. ನಾನೂ ಅಡಗಿ ಎಣ್ಣಿ ಹಾಕೇ ಮೊದಲ ಮಷೀನು ಕೆಡಿಸಿದ್ದೆ."

"ಮಷೀನು ಬ್ಯಾರೆ, ಮೋಟಾರು ಬ್ಯಾರೆ. ನೀ ದರ್ಜಿ ಇದ್ದಾಕಿ ಮಿಸ್ತ್ರಿ ಯಾವಾಗ ಆದಿ?"

"ಸೂಜಿ ಹಿಡದ ಕೈಗೆ ಸ್ಕ್ರೂಡ್ರೈವರ್ ಭಾರ ಏನ್ರಿ? ಮೊದಲ ಬೀಡಿ ಆರಿಸ್ರಿ. ಇಂಜಿನ್ನೂ ಬಂದ್ ಇರ್ಲಿ."

ಮಜೀದಾ ಹಲ್ಲುಜ್ಜುವ ಹಳೆಯ ಬ್ರಶ್ಶಿಗೆ ಚೂರು ಡೀಸೆಲ್ ಹಚ್ಚಿ ಲಾಕಿನ ಸಂದಿ ತಿಕ್ಕಿದಳು. ಇಲಿಬಾಲದಂಥ ಕಪ್ಪು ಜಿಡ್ಡು ಹೊರಬಂತು. ಒಣಬಟ್ಟೆಯಿಂದ ಒರೆಸಿ, ಬೆರಳ ತುದಿಯಷ್ಟು ಗ್ರೀಸ್ ಸವರಿದಳು. ಆಮೇಲೆ ಬಾಗಿಲು ತೆರೆದೇ ಇಟ್ಟು, ಸ್ಕ್ರೂಡ್ರೈವರಿನಿಂದ ಲಾಕಿನ ನಾಲಿಗೆ ಒತ್ತಿದಳು. ಟಕ್. ಮತ್ತೆ ಒತ್ತಿದಳು. ಟಕ್.

"ಕೇಳಿದ್ರೇನು? ಒಂದು ಟಕ್ ಅಂದ್ರ ಅರ್ಧಾ ಬಿದ್ದದ. ಎರಡು ಅಂದ್ರ ಪೂರಾ. ಈಗ ಹಿಡಿಕಿ ಎಳದು ನಾಲಿಗಿ ಬಿಡಿಸ್ರಿ, ಆಮ್ಯಾಲ ಬಾಗಲಾ ಹಾಕ್ರಿ."

ಅವನು ಹಾಕಿದ. ಒಂದೇ ಟಕ್.

"ನೋಡು! ನಾ ಹೇಳಿದ್ನಿಲ್ಲ?"

"ತಡೀರಿ ಚಾಚಾ." ಬಾಗಿಲ ಚೌಕಟ್ಟಿನಲ್ಲಿ ಲಾಕು ಕಚ್ಚಿಕೊಳ್ಳುವ ಕಬ್ಬಿಣದ ಕೊಂಡಿಯನ್ನು ಅವಳು ಬೆರಳಿಂದ ಅಲುಗಿಸಿದಳು. ಅದು ಹಾಲುಹಲ್ಲಿನಂತೆ ಅಲ್ಲಾಡಿತು. ಜಮಾಲಸಾಬ ಅದನ್ನು ನೇರಕ್ಕೆ ಹಿಡಿದು ಸ್ಕ್ರೂ ಬಿಗಿ ಮಾಡಿ, ಮತ್ತೆ ಬಾಗಿಲು ಹಾಕಿದ.

ಟಕ್, ಟಕ್.

ಒಳಗಿನಿಂದ ನೂಕಿದ. ಹೊರಗಿನಿಂದ ಜಗ್ಗಿದ. ಹತ್ತು ಸಲ ತೆರೆದು ಹಾಕಿದ. ಬಾಗಿಲು ಹತ್ತೂ ಸಲ ಮಾತು ಕೇಳಿತು.

"ಇಷ್ಟು ಮಾಡಿದ್ರೂ ಎರಡನೇದು ಬರ್ಲಿಲ್ಲಂದ್ರ?" ಈಗ ಅವನ ದನಿ ಮೆತ್ತಗಿತ್ತು.

"ಮಿಸ್ತ್ರಿ ಹಂತೇಕ ಹೋಗ್ರಿ. ರಿಪೇರಿ ಆಗೋತನಕ ಯಾರನ್ನೂ ಕೂಡಿಸಬ್ಯಾಡ್ರಿ. ಹಗ್ಗ ಮಾತ್ರ ಬ್ಯಾಡೇ ಬ್ಯಾಡ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಾಡಿಯ ಬಾಗಿಲುಗಳನ್ನೂ ಇವತ್ತೇ ಒಮ್ಮೆ ಹಾಕಿ ನೋಡಿ. ಕಿವಿಗೊಟ್ಟು ಎಣಿಸಿ. ಒಂದೇ ಸದ್ದು ಬಂದರೆ ಗಾಡಿ ಮನೆಮುಂದೆಯೇ ನಿಲ್ಲಲಿ. ಹಳೆಯ ಬ್ರಶ್ಶು, ಚಿಂದಿ ಬಟ್ಟೆ, ಚೂರು ಗ್ರೀಸು ಸಾಕು. ಅಡುಗೆ ಎಣ್ಣೆ ಅಡುಗೆಮನೆಯಲ್ಲೇ ಇರಲಿ. ಬಾಡಿಗೆ ಗಾಡಿಯಲ್ಲಿ ಕೂರುವವರು ನೀವಾದರೆ, ಎರಡನೆಯ ಟಕ್ ಕೇಳುವವರೆಗೆ ಗಾಡಿ ಬಿಡಗೊಡಬೇಡಿ. ಬಾಗಿಲು ಸರಿಯಿದ್ದರೂ ಸೀಟ್ ಬೆಲ್ಟ್ ಮರೆಯಬೇಡಿ.

ಅಮಾವಾಸ್ಯೆಯ ಬೆಳಿಗ್ಗೆ ಜಮಾಲಸಾಬನ ಕಾರು ಅಯ್ಯಮ್ಮನ ಮನೆಮುಂದೆ ನಿಂತಿತು.

"ಹಗ್ಗ ಎಲ್ಲಿ ಹಾಕಿದ್ಯೋ?"

"ಆಡಿಗೆ ಕಟ್ಟೀನಿ ಯವ್ವಾ."

ದಾರಿಯಲ್ಲಿ ದೇವಿಕಾ ಕೇಳಿದಳು: "ಅಜ್ಜೀ, ಆ ರಾಜ ಚಿಲಕ ತಿಕ್ಕಿಸಿದ್ರ ಏನಾಗ್ತಿತ್ತು?"

"ಏನೂ ಆಗ್ತಿದ್ದಿಲ್ಲ ಮಗಳ. ಎಲ್ಲಾರೂ ಉಂಡು ಮಲಗ್ತಿದ್ರು."

ಅಬ್ಬೆತುಮಕೂರಿನ ಮಠದ ಮುಂದೆ ಅಯ್ಯಮ್ಮ ತಾನೇ ಬಾಗಿಲು ತೆರೆದು ಇಳಿದಳು. ಮೊಮ್ಮಗಳನ್ನು ಇಳಿಸಿಕೊಂಡು ಬಾಗಿಲು ಹಾಕಿ, ತಲೆ ವಾಲಿಸಿ ಕೇಳಿಸಿಕೊಂಡಳು. ಟಕ್, ಟಕ್. ಆಮೇಲೆ ಸೆರಗು ಹೊದ್ದು ಒಳಗೆ ನಡೆದಳು.