ಓಲೇ ಯಾರಿಗೆ?

ಹೋನಾಸ್ ಗಿಟಾರು ಪೆಟ್ಟಿಗೆಯ ಒಂದು ಕೊಂಡಿ ತೆಗೆದಿದ್ದನಷ್ಟೆ, ಅವನ ಭಾವ ಬ್ಲಾಸ್ ಬೂಟುಗಾಲಿನಿಂದ ಮುಚ್ಚಳ ಅದುಮಿ ಹಿಡಿದ.

"ಸೂತಕದ ಮನೇಲಿ ತಂತಿ ಮುಟ್ತೀಯೇನೋ? ಒಳಗೆ ಮಲಗಿರೋಳು ನಿನ್ನಕ್ಕ ಕಣೋ!"

"ಅಕ್ಕನೇ ಕೇಳಿದ್ದು ಭಾವ. ಹಾಡು ಬೇಡ, ಬರೀ ಗಿಟಾರು ಬಾರಿಸು ಅಂತ."

"ಬರೀ ಗಿಟಾರಂತೆ! ಮದುಮಗ ಬರದೇ ಇರೋ ಮದುವೆ ಅದು."

ನೆಂಟರು ನಕ್ಕರು. ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಬ್ಲಾಸನ ಮಗಳು ಸಮಾರಾ ಸೂತಕದ ರೂಢಿಯಂತೆ ಟೀವಿಗೆ ಕರಿಬಟ್ಟೆ ಹೊದಿಸುತ್ತಿದ್ದಳು.

"ನನ್ನ ಹಾಡಿಗೆ ನನ್ನಾಕೆ ಆಂಗುಸ್ತಿಯಾಸ್ ಶಹಬ್ಬಾಸ್ ಅಂತ ಹೇಳ್ತಿದ್ದ ಓಲೇ ಇದ್ಯಲ್ಲ, ಇಡೀ ಹೆರೆಸ್‌ನಲ್ಲಿ ಯಾರ ಹೆಂಡ್ತಿ ಹಾಗೆ ಹೇಳ್ತಾಳೆ?" ಅಪ್ಪ ಎದೆ ಬಡಿದುಕೊಂಡ. "ಒಂದು ಚರಣಾನೂ ತಪ್ಪಿಸಿದೋಳಲ್ಲ!"

ಸಮಾರಾ ಬಟ್ಟೆಯ ತುದಿಯನ್ನು ಟೀವಿಯ ಹಿಂದಕ್ಕೆ ರಪ್ಪನೆ ತುರುಕಿದಳು.

*

ಬದುಕಿದ್ದಾಗ ಅಮ್ಮ ಮಾರುಕಟ್ಟೆಯಲ್ಲಿ ಮೀನು ಮಾರಿ ಬಂದು, ಅಡುಗೆಗೆ ಬಸವನಹುಳು ತೊಳೆಯಲು ಕೂರುತ್ತಿದ್ದಳು. ಅಂಗಳದಲ್ಲಿ ಹೋನಾಸ್ ಮಾವ ಒಬ್ಬನೇ ಬಾರಿಸತೊಡಗಿದರೆ ನಲ್ಲಿ ನಿಲ್ಲಿಸಿಬಿಡುವಳು. ಅವನ ಹೆಬ್ಬೆರಳು ದಪ್ಪ ತಂತಿಯ ಮೇಲೆ ಬಿದ್ದಾಗ ಅವಳ ಹೆಗಲು ಇಳಿಯುತ್ತಿತ್ತು. ಕೊನೆಯ ನಾದ ಗೋಡೆಯಲ್ಲಿ ಇಂಗುವವರೆಗೂ ಉಸಿರು ಬಿಡುತ್ತಿರಲಿಲ್ಲ. ಹುಳುಗಳು ಪಾತ್ರೆಯಂಚು ದಾಟಿ ನೆಲಕ್ಕಿಳಿದರೂ ಅವಳಿಗೆ ಗೊತ್ತಾಗದು.

"ಅಪ್ಪನ ಹಾಡಿಗೂ ಓಲೇ ಅಂತೀಯಲ್ಲಮ್ಮ?" ಒಮ್ಮೆ ಸಮಾರಾ ಕೇಳಿದ್ದಳು.

"ಅವನು ಹಾಡೋವಾಗ ಅಲ್ಲ ಕಣೇ. ಅವನು ಬಾಯಿ ಮುಚ್ಚಿ, ಗಿಟಾರು ಒಂದೇ ಹೊರಡತ್ತಲ್ಲ, ಆಗ." ಅಮ್ಮ ಒದ್ದೆ ಕೈಯಿಂದಲೇ ನಗು ಮರೆಸಿದಳು. "ತನಗೇ ಅಂದ್ಕೊಂಡು ಟೊಪ್ಪಿಗೆ ಮುಟ್ಕೋತಾನೆ, ಪಾಪ. ಈ ಮನೇಲಿ ಎಲ್ರೂ ನಂಗೆ ಏನಾದ್ರೂ ಹೇಳ್ತಾನೇ ಇರ್ತಾರೆ. ಅದೊಂದೇ ಏನೂ ಹೇಳಲ್ಲ."

*

ಸ್ಮಶಾನದ ಗೋಡೆಯ ಗೂಡಿಗೆ ಶವಪೆಟ್ಟಿಗೆ ಸರಿಸಿ, ಮುಚ್ಚಲೆಂದು ಗಾರೆಯವನು ಕರಣೆ ಎತ್ತಿದಾಗ ಬ್ಲಾಸ್ ಕೈ ಅಡ್ಡ ಹಿಡಿದ. ಗಂಟಲು ಸರಿಮಾಡಿಕೊಂಡ.

"ಸೂತಕ ಅಂದೆಯಲ್ಲಪ್ಪ?" ಸಮಾರಾ ಕೇಳಿದಳು.

"ಗಂಟಲಿಗೆ ಎಂಥ ಸೂತಕ? ಇದು ಅಳು. ಸುಮ್ನಿರು."

ಹಾಡಿದ. ಚೆನ್ನಾಗಿಯೇ ಹಾಡಿದ, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಹೆಂಗಸರು ಬಿಕ್ಕಿದರು. ಚರಣ ಮುಗಿಯಿತು. ಗಿಟಾರು ಹೊರಡಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬ್ಲಾಸ್ ಅಭ್ಯಾಸದಂತೆ ಓಲೇಗಾಗಿ ಕಾದ.

ಬರಿಗೈಯಲ್ಲಿ ನಿಂತಿದ್ದ ಹೋನಾಸನ ಎಡಗೈ ಬೆರಳುಗಳು ಕೋಟಿನ ಗುಂಡಿಗಳ ಮೇಲೆ ಓಡುತ್ತಿದ್ದವು. ಬಲಗೈ ಹೆಬ್ಬೆರಳು ತೊಡೆಗೆ ಬಡಿಯುತ್ತಿತ್ತು.

ಸಮಾರಾ ಅಪ್ಪನಿಗೆ ಬೆನ್ನು ತಿರುಗಿಸಿ, ನೇರ ಹೋಗಿ ಆ ಬೆರಳುಗಳ ಎದುರು ನಿಂತಳು.

"ಓಲೇ!" ಎಂದಳು, ಹಲ್ಲು ಕಚ್ಚಿ.

ಟೊಪ್ಪಿಗೆಯತ್ತ ಏರಿದ್ದ ಬ್ಲಾಸನ ಕೈ ಅರ್ಧದಲ್ಲೇ ನಿಂತಿತು. ಕರಣೆಯಿಂದ ಹಸಿ ಗಾರೆ ತೊಟ್ಟು ತೊಟ್ಟಾಗಿ ಅವನ ಬೂಟಿನ ಮೇಲೆ ಬೀಳುತ್ತಿತ್ತು.